ಕಾಲೇಜು ಸಂಚಿಕೆ: ಪ್ರೂಫ್ ಮೊಬೈಲ್‌ನಲ್ಲಿ ನೋಡಬೇಡಿ

ಬರಹ ಕೇಳುವುದು ದೊಡ್ಡ ಕೆಲಸವಲ್ಲ. ಕ್ಲಾಸ್ ಗ್ರೂಪಿಗೆ ಒಂದು ಮೆಸೇಜು ಸಾಕು. ಕೊನೇ ದಿನಾಂಕ ಮಾತ್ರ ಹತ್ತು ದಿನ ಮುಂಚಿನದು ಹೇಳಿ.

ಆರಿಸುವಾಗ ಅವ್ವನ ಮೇಲಿನ ಕವನ ಎರಡು ಸಾಕು. ಅನುಮಾನ ಬಂದರೆ ಒಂದು ಸಾಲನ್ನು ಗೂಗಲ್‌ನಲ್ಲಿ ಹಾಕಿ ನೋಡಿ. ಕದ್ದದ್ದಾದರೆ ಹುಡುಗನನ್ನು ಎಲ್ಲರೆದುರು ಬೈಯಬೇಡಿ. ‘ನಿಮ್ಮೂರ ಸಂತೆ ಬಗ್ಗೆ ಅರ್ಧ ಪುಟ ಬರಿ’ ಅನ್ನಿ.

ತಿದ್ದುವಾಗ ಕೈ ಸ್ವಲ್ಪ ಹಿಡಿತದಲ್ಲಿರಲಿ. ಕತೆಯಲ್ಲಿ ‘ಅವ್ವ ಹೊಲಕ್ಕ ಹೋಗ್ಯಾಳ’ ಅಂತಿದ್ದರೆ ಕೆಲ ಮಾಸ್ತರರು ‘ತಾಯಿ ಹೊಲಕ್ಕೆ ಹೋಗಿದ್ದಾಳೆ’ ಮಾಡುತ್ತಾರೆ. ಹೋಗ್ಯಾಳ ತಪ್ಪಲ್ಲ. ‘ವಿಧ್ಯಾರ್ಥಿ’ ತಪ್ಪು, ಅದನ್ನು ತಿದ್ದಿ.

ಎಲ್ಲರೂ ಮುಗ್ಗರಿಸುವುದು ಇನ್ನು ಮುಂದೆ. ಹುಡುಗರು ಮೊಬೈಲ್‌ನಲ್ಲಿ ಯುನಿಕೋಡ್‌ನಲ್ಲಿ, ಅಂದರೆ ಯಾವ ಫೋನು ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರದಲ್ಲಿ, ಟೈಪ್ ಮಾಡಿರುತ್ತಾರೆ. ಕೆಲವು ಡಿಟಿಪಿಯವರು (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು) ಪೇಜ್‌ಮೇಕರ್ ಅನ್ನುವ ಹಳೇ ಪುಟ ಜೋಡಿಸುವ ಸಾಫ್ಟ್‌ವೇರಿಗಾಗಿ ಅದನ್ನು ಹಳೇ ನುಡಿ ಫಾಂಟಿಗೆ ಬದಲಿಸುತ್ತಾರೆ. ಆಗ ಒತ್ತಕ್ಷರಗಳು ಜಾಗ ತಪ್ಪುತ್ತವೆ, ಇಂಗ್ಲಿಷ್ ಅಕ್ಷರ ಅರ್ಥವಿಲ್ಲದ ಕನ್ನಡ ಆಗುತ್ತದೆ. ಒಂದು ವರ್ಷ ನಮ್ಮ ಸಂಚಿಕೆಯಲ್ಲಿ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಅಂತ ಅರ್ಕಾವತ್ತಿನಲ್ಲಿ ಅಚ್ಚಾಯಿತು. ಅದರ ಕೆಳಗೇ ಕಾಲೇಜಿನ ಇಮೇಲ್ ವಿಳಾಸ ಒಂದು ಸಾಲು ಕನ್ನಡ ಗೊಜ್ಜು! ಯಾರೋ ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ನೋಡಿ ‘ಓಕೆ ಸರ್’ ಅಂದಿದ್ದರು.

ಆದ್ದರಿಂದ ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ತಿದ್ದಲು ಕೊಡುವ ಪ್ರತಿ, ಕಾಗದದ ಮೇಲೇ ತೆಗೆಸಿ. ಇಬ್ಬರು ಕೂತುಕೊಳ್ಳಿ. ಒಬ್ಬರು ಮೂಲ ಪ್ರತಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೆಂಪು ಪೆನ್ನು ಹಿಡಿಯಲಿ. ಬರೆದವರು ಪ್ರೂಫ್ ನೋಡಬಾರದು, ಅವರಿಗೆ ಮನಸ್ಸಿನಲ್ಲಿದ್ದದ್ದೇ ಕಾಣುತ್ತದೆ. ಎರಡನೇ ಪ್ರೂಫ್‌ನಲ್ಲಿ ತಿದ್ದಿದ ಪದದ ಜೊತೆ ಮುಂದಿನ ಎರಡು ಸಾಲೂ ನೋಡಿ. ಒಂದು ತಪ್ಪು ತಿದ್ದಲು ಹೋಗಿ ಡಿಟಿಪಿಯವರು ಪಕ್ಕದ ಸಾಲು ಅಳಿಸಿರುತ್ತಾರೆ. ಆಮೇಲೆ ಫೋಟೋ ಕೆಳಗಿನ ಹೆಸರುಗಳು. ಮನೆಯವರು ಮೊದಲು ನೋಡುವುದು ಅದನ್ನೇ, ಅಲ್ವಾ? ಮುಖಪುಟವನ್ನೂ ಓದಿ. ದೊಡ್ಡ ಅಕ್ಷರ ಅಂತ ಯಾರೂ ಓದುವುದಿಲ್ಲ.

ಕೈಬರಹದ ಫೋಟೋ ತೆಗೆದು ಅಕ್ಷರ ಮಾಡಿಕೊಡುವ ಆ್ಯಪ್‌ಗಳನ್ನು ನಂಬಬೇಡಿ. ಎಷ್ಟೋ ಸಲ ಟೈಪ್ ಮಾಡುವುದಕ್ಕಿಂತ ತಿದ್ದುವುದೇ ಜಾಸ್ತಿ ಆಗುತ್ತದೆ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಅಚ್ಚಿನಲ್ಲಿ ಮುಖ ಮಂಜು ಮಂಜು.

ಒಳಪುಟಕ್ಕೆ ಮಿರಿಮಿರಿ ಆರ್ಟ್ ಪೇಪರ್ ಬೇಡ, ಟ್ಯೂಬ್‌ಲೈಟ್ ಕೆಳಗೆ ಕಣ್ಣು ಕುಕ್ಕುತ್ತದೆ. ನಾನಂತೂ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಕದ) ಮ್ಯಾಪ್‌ಲಿಥೋ, ಅಂದರೆ ಮಿರುಗದ ಕಾಗದವನ್ನೇ ಹಾಕಿಸುವುದು. ಪುಟಗಳು 8ರ ಲೆಕ್ಕದಲ್ಲಿರಲಿ. ನಮ್ಮ ಕಡೆಯವರಿಗೆ ಮುದ್ರಣ ಕಾಶಿ ಅನ್ನಿಸಿಕೊಂಡ ಗದಗ ಹತ್ತಿರವೇ ಇದೆ, ಎರಡು ಮೂರು ಪ್ರೆಸ್ಸಿನಲ್ಲಿ ದರ ಕೇಳಿ.

ಕೊನೇ ಪ್ರೂಫ್‌ನ ಪ್ರತಿ ಪುಟಕ್ಕೂ ಸಹಿ, ತಾರೀಕು ಹಾಕಿ ಕೊಡಿ. ಒಂದು ಝೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ.