ಪಿಎಸ್‌ಡಿ ಫೈಲ್ ತೆರೆಯಲು ಫೋಟೋಶಾಪ್ ಬೇಕೇ ಬೇಕು ಅಂತಿಲ್ಲ

ನಮಸ್ಕಾರ. ಗುಬ್ಬಿಯಲ್ಲಿ ಅಕ್ಕನ ಮಗಳ ಮದುವೆ. ತುಮಕೂರಿನ ಒಂದು ಅಂಗಡಿಯವರು ಪತ್ರಿಕೆಯನ್ನು ಪಿಎಸ್‌ಡಿ ಫೈಲ್ ಆಗಿ, ಅಂದರೆ ಚಿತ್ರ ತಿದ್ದುವ ತಂತ್ರಾಂಶ ಫೋಟೋಶಾಪ್‌ನ ಫೈಲ್ ಆಗಿ, ಕಳಿಸಿದರು. ಮುಹೂರ್ತದ ಸಮಯ ತಪ್ಪಾಗಿತ್ತು, ಅದೊಂದನ್ನೇ ತಿದ್ದಬೇಕಿತ್ತು. ಅಷ್ಟಕ್ಕೆ ಫೋಟೋಶಾಪ್‌ಗೆ ತಿಂಗಳ ಬಾಡಿಗೆ ಯಾಕೆ ಕಟ್ಟಬೇಕು, ಅಲ್ವಾ?

ಬ್ರೌಸರ್‌ನಲ್ಲಿ ಫೋಟೋಪಿಯಾ (photopea.com) ಎಂಬ ಚಿತ್ರ ತಿದ್ದುವ ತಾಣ ತೆರೆಯಿರಿ. ಇನ್‌ಸ್ಟಾಲ್ ಬೇಡ, ಖಾತೆಯೂ ಬೇಡ. ಫೈಲ್ ಎಳೆದು ಬಿಟ್ಟರೆ ಲೇಯರ್‌ಗಳು (ಒಂದರ ಮೇಲೊಂದು ಇಟ್ಟ ಅಕ್ಷರ, ಚಿತ್ರಗಳ ಪದರಗಳು) ಹಾಗೇ ಕಾಣುತ್ತವೆ. ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ, ಬೇರೆ ಕಡೆ ಅಪ್‌ಲೋಡ್ ಆಗುವುದಿಲ್ಲ. ಪಕ್ಕದಲ್ಲಿ ಜಾಹೀರಾತು ಬರುತ್ತದೆ, ಅಷ್ಟೇ.

ನಮ್ಮವರು ಎಡವುವುದು ಕನ್ನಡ ಅಕ್ಷರದಲ್ಲಿ. ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳು ಇನ್ನೂ ಹಳೆಯ ನುಡಿ ಫಾಂಟ್ ಬಳಸುತ್ತವೆ, ಅದು ಈಗ ಫೋನ್, ವೆಬ್‌ನಲ್ಲೆಲ್ಲ ಕನ್ನಡಕ್ಕೆ ಬಳಸುವ ಯೂನಿಕೋಡ್ ಪದ್ಧತಿಯದಲ್ಲ. ಆ ಫಾಂಟ್ ಇಲ್ಲದೆ ಅಕ್ಷರದ ಲೇಯರ್ ಮುಟ್ಟಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಫೈಲ್ ಹಾಳಾಯಿತು ಅಂತ ಸುಮ್ನೆ ಗಾಬರಿ ಆಗಬೇಡಿ. ಅಂಗಡಿಯವರಿಂದ ಆ ಫಾಂಟಿನ ಟಿಟಿಎಫ್ ಫೈಲ್ ಕೇಳಿ ಪಡೆದು, ಅದನ್ನೂ ಫೋಟೋಪಿಯಾದೊಳಗೆ ಎಳೆದು ಹಾಕಿ. ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಕೀಲಿಮಣೆಯಲ್ಲೇ ಟೈಪ್ ಮಾಡಿ. ಯೂನಿಕೋಡ್‌ನಲ್ಲಿ ಹೊಡೆದರೆ ಆ ಫಾಂಟ್‌ನಲ್ಲಿ ಕೂರುವುದಿಲ್ಲ.

ನೆಟ್ ಸರಿಯಿಲ್ಲದ ಹಳ್ಳಿಯಲ್ಲಿ ಜಿಂಪ್ (GIMP) ಎಂಬ ಚಿತ್ರ ತಿದ್ದುವ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳಿ, ಅದೂ ಉಚಿತ. ಆದರೆ ಅದರ 2.10 ಆವೃತ್ತಿಯಲ್ಲಿ ಅಕ್ಷರಗಳು ಚಿತ್ರವಾಗಿ ಬರುತ್ತವೆ. ನೋಡಲು ಸರಿ, ತಿದ್ದಲು ಆಗದು.

ತಿದ್ದಿದ ಮೇಲೆ ಪಿಎಸ್‌ಡಿ ಒಂದು ಪ್ರತಿ, ವಾಟ್ಸಾಪ್‌ಗೆ ಜೆಪಿಜಿ ಒಂದು ಪ್ರತಿ ಉಳಿಸಿ. ಮೂಲ ಫೈಲ್ ಮೇಲೆ ಮಾತ್ರ ಸೇವ್ ಮಾಡಬೇಡಿ. ಯಾರಿಗಾದರೂ ತೆರೆಯದಿದ್ದರೆ ಇಲ್ಲೇ ಕೇಳಿ, ಸಂಜೆ ಉತ್ತರಿಸುತ್ತೇನೆ.