ಕೊಕೇನ್ ತೆಗೆದುಕೊಂಡ ಗೆಳೆಯನಿಗೆ ಎದೆನೋವು ಬಂದರೆ

ನಾನು ಬೆಂಗಳೂರಿನ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ನರ್ಸ್. ನೈಟ್ ಡ್ಯೂಟಿಯಲ್ಲಿ ಹುಡುಗರು ಎದೆ ಹಿಡಿದುಕೊಂಡು ಬರುತ್ತಾರೆ. ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಅಗಲ. ಜೊತೆಗೆ ಬಂದವರು, "ಗ್ಯಾಸ್ಟ್ರಿಕ್ ಇರ್ಬೇಕು ಸಿಸ್ಟರ್" ಅನ್ನುತ್ತಾರೆ.

ಅಂಥ ನೋವು ಬಂದ ಕೂಡಲೇ 108ಕ್ಕೆ ಫೋನ್ ಮಾಡಿ. ಮಲಗಿದರೆ ಸರಿಹೋಗುತ್ತೆ ಅಂತ ಕಾಯಬೇಡಿ. ಕೊಕೇನ್ ತೆಗೆದುಕೊಂಡ ಮೊದಲ ಒಂದು ಗಂಟೆಯಲ್ಲಿ ಹಾರ್ಟ್ ಅಟ್ಯಾಕ್ ಅಪಾಯ ಸುಮಾರು 24 ಪಟ್ಟು ಏರುತ್ತದೆ ಎಂದು 1999ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ಹೃದಯ ಜೋರಾಗಿ ಬಡಿಯುತ್ತದೆ, ಬಿಪಿ ಏರುತ್ತದೆ. ಅದೇ ಹೊತ್ತಿಗೆ ಹೃದಯಕ್ಕೆ ರಕ್ತ ಕೊಡುವ ನಾಳಗಳು ಬಿಗಿಯುತ್ತವೆ, ರಕ್ತವೂ ಬೇಗ ಹೆಪ್ಪುಗಟ್ಟುತ್ತದೆ. ವಯಸ್ಸು ಚಿಕ್ಕದು, ದಿನಾ ಜಿಮ್‌ಗೆ ಹೋಗ್ತಾನೆ ಅನ್ನುವುದನ್ನು ನಂಬಬೇಡಿ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಲೆನ್ ಬಯಾಸ್ 1986ರಲ್ಲಿ ಕೊಕೇನ್‌ನಿಂದ ಹೃದಯದ ಬಡಿತ ತಪ್ಪಿ ತೀರಿಕೊಂಡಾಗ ವಯಸ್ಸು ಬರೀ 22.

ಆಂಬುಲೆನ್ಸ್ ಬರುವವರೆಗೆ ಒರಗಿ ಕೂರಿಸಿ. ಮೆಟ್ಟಿಲು ಇಳಿಸಿ ನಡೆಸಬೇಡಿ. ಮೈ ಸುಡುತ್ತಿದ್ದರೆ ಫ್ಯಾನ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ. ಮನೆಯಲ್ಲಿರುವ ಬಿಪಿ ಮಾತ್ರೆ, ನಿದ್ದೆ ಮಾತ್ರೆ ಯಾವುದನ್ನೂ ನೀವಾಗಿ ಕೊಡಬೇಡಿ. ಎಚ್ಚರ ತಪ್ಪಿ ಉಸಿರಾಟ ನಿಂತರೆ ಎದೆಯ ನಡುವೆ ಎರಡೂ ಕೈಯಿಟ್ಟು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ.

ಆಸ್ಪತ್ರೆಗೆ ಬಂದ ಮೇಲೆ ದಯವಿಟ್ಟು ನಿಜ ಹೇಳಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅಪ್ಪ-ಅಮ್ಮನ ಮುಂದೆ ಕಷ್ಟ ಅಲ್ವಾ? ಹಾಗಾದರೆ ನನ್ನಂಥ ನರ್ಸನ್ನು ಪಕ್ಕಕ್ಕೆ ಕರೆದು ಹೇಳಿ: ಏನು ತೆಗೆದುಕೊಂಡ, ಯಾವಾಗ, ಜೊತೆಗೆ ಕುಡಿದಿದ್ದನಾ. ಮಾಮೂಲಿ ಹಾರ್ಟ್ ಅಟ್ಯಾಕ್‌ನಲ್ಲಿ ಕೊಡುವ ಮೆಟೊಪ್ರೊಲೋಲ್ ಥರದ ಔಷಧಿ ಇವರಿಗೆ ನಾಳವನ್ನು ಇನ್ನಷ್ಟು ಬಿಗಿಸಬಹುದು. ಅದಕ್ಕೇ ಡಾಕ್ಟರು ಅದನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ಕುಡಿದಿದ್ದರೆ ಲಿವರ್‌ನಲ್ಲಿ ಎರಡೂ ಸೇರಿ ಕೊಕಾಎಥಿಲೀನ್ ಆಗುತ್ತದೆ. ಅದು ಕೊಕೇನ್‌ಗಿಂತ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ.

ಮೊದಲ ಇಸಿಜಿ ನಾರ್ಮಲ್ ಬಂತು ಅಂತ ಸಹಿ ಹಾಕಿ ಕರೆದುಕೊಂಡು ಹೋಗಬೇಡಿ. ಹೃದಯಕ್ಕೆ ಪೆಟ್ಟು ಬಿದ್ದಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾಗಬಹುದು, ಒಂಬತ್ತು–ಹನ್ನೆರಡು ಗಂಟೆ ಮಾನಿಟರ್‌ನಲ್ಲಿ ಇಡಬೇಕಾಗಬಹುದು. ಬಿಡುವ ಮನಸ್ಸಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಟೋಲ್-ಫ್ರೀ.