ಕುರ್ಚಿಗಿಂತ ಮೊದಲು ಕೂಲಿ ಲೆಕ್ಕ

ತಿಪಟೂರು ಅಂದರೆ ಎಲ್ಲರಿಗೂ ಕೊಬ್ಬರಿ ಮಾರ್ಕೆಟ್ ನೆನಪಾಗುತ್ತೆ. ಸುತ್ತಮುತ್ತ ತೆಂಗಿನಪುಡಿ ಮಾಡುವ ಸಣ್ಣ ಫ್ಯಾಕ್ಟರಿಗಳೂ ಇವೆ. ಅಂಥ ಒಂದರಲ್ಲಿ ನಾನು ಸೂಪರ್‌ವೈಸರ್. ಚಿಪ್ಪು ಬಿಡಿಸಿದ ಕಾಯಿಯ ಕಂದು ಸಿಪ್ಪೆಯನ್ನು ಹೆಂಗಸರು ಚಾಕುವಿನಲ್ಲಿ ಹೆರೆಯುತ್ತಾರೆ. ಅದು ಉಳಿದರೆ ಪುಡಿ ಬೆಳ್ಳಗೆ ಬರಲ್ಲ. ನೆಲದಲ್ಲಿ ಬಗ್ಗಿ ಕೂತು ಇಡೀ ದಿನ ಅದೇ ಕೆಲಸ. ಸೊಂಟ ನೋವು, ಮಣಿಕಟ್ಟು ನೋವು ಇಲ್ಲದವರೇ ಇರಲಿಲ್ಲ.

ಮಾಲೀಕರು ಮೇಜು, ಸ್ಟೂಲು ತರಿಸಿದರು. ಅವು ಬೇಗನೇ ಮೂಲೆ ಸೇರಿದವು. ಯಾಕಮ್ಮ ಅಂದರೆ, "ಸ್ಟೂಲ್ ಮ್ಯಾಲೆ ಕುಂತ್ರೆ ಕಾಯೇ ಎದ್ ಬತ್ತವಾ ಸಾರ್?" ಅಂದರು ಒಬ್ಬರು. ಮಾತು ಸರಿ. ಕೂಲಿ ಸಾವಿರ ಕಾಯಿಗೆ ಇಷ್ಟು ಅಂತ. ಎದ್ದು ಹೋಗಿ ಕಾಯಿ ತರುವ ಹೊತ್ತಿಗೆ ಯಾರೂ ದುಡ್ಡು ಕೊಡಲ್ಲ. ರಾಶಿ ಪಕ್ಕ ನೆಲದಲ್ಲಿ ಕೂತರೇ ಅವರಿಗೆ ಲಾಭ.

ಕಾಯಿ ತಂದು ಮೇಜಿಗೆ ಸುರಿಯುವುದನ್ನು ಬೇರೆ ಕೆಲಸ ಮಾಡಿ, ಅದಕ್ಕೆ ದಿನಗೂಲಿ ಇಟ್ಟೆವು. ಸರದಿಯ ಮೇಲೆ ಒಬ್ಬೊಬ್ಬರು ತರುತ್ತಾರೆ, ಆ ಹೊತ್ತು ಅವರ ಮಣಿಕಟ್ಟಿಗೂ ಬಿಡುವು. ಅವರನ್ನೇ ಕೂರಿಸಿ ನೋಡಿ, ಮೇಜು ಮೊಣಕೈಗಿಂತ ತುಸು ಕೆಳಗೆ ಬರುವಂತೆ ಅದರ ಕಾಲು ಕತ್ತರಿಸಿದೆವು. ಗಿಡ್ಡ ಇರುವವರಿಗೆ ಸ್ಟೂಲು ಎತ್ತರಿಸಿ, ಕಾಲಿಗೆ ಮಣೆ ಕೊಟ್ಟೆವು.

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಸಾಣೆ. ಚಾಕು ಮೊಂಡಾದಷ್ಟೂ ಕೈ ಒತ್ತಬೇಕು. ಆದರೆ ಸಾಣೆ ಹಿಡಿಯುತ್ತ ನಿಂತರೆ ಅವರದೇ ಕೂಲಿ ಕಡಿಮೆಯಾಗುತ್ತಿತ್ತು. ಅದಕ್ಕೇ ಮೊಂಡು ಚಾಕುವಿನಲ್ಲೇ ಸಂಜೆ ಮಾಡುತ್ತಿದ್ದರು. ಈಗ ಪ್ರತಿಯೊಬ್ಬರಿಗೂ ಎರಡು ಚಾಕು. ಟೀ ಹೊತ್ತಿಗೆ ಒಂದನ್ನು ನಮ್ಮ ಫಿಟರ್ ಒಯ್ದು ಸಾಣೆ ಹಿಡಿದು ತರುತ್ತಾನೆ. ಮಾಲೀಕರು ಖರ್ಚು ಅಂತ ಗೊಣಗಿದರು. ಸಿಪ್ಪೆ ಜೊತೆ ಹೋಗುತ್ತಿದ್ದ ತಿರುಳು ಕಡಿಮೆಯಾದದ್ದನ್ನು ತೋರಿಸಿದ ಮೇಲೆ ಸುಮ್ಮನಾದರು.

ಪ್ಯಾಕಿಂಗ್ ಚೀಲ 25 ಕೆಜಿ. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಯೋಷ್ (NIOSH) ಸಂಸ್ಥೆಯ 1991ರ ಸೂತ್ರದಲ್ಲಿ, ಎಲ್ಲ ಅನುಕೂಲವಿದ್ದರೂ ಎತ್ತುವ ಮಿತಿ 23 ಕೆಜಿ. ಭಾರ ಮೈಯಿಂದ 50 ಸೆಂಟಿಮೀಟರ್ ದೂರವಿದ್ದರೆ ಅದರಲ್ಲಿ ಅರ್ಧ. ಚೀಲ ಸಣ್ಣದು ಮಾಡಲು ಖರೀದಿದಾರರು ಒಪ್ಪಲಿಲ್ಲ. ಅದಕ್ಕೆ ಚೀಲವನ್ನು ತಳ್ಳಿಕೊಂಡು ಹೋಗುವಂತೆ ತೂಕದ ಯಂತ್ರದ ಮಟ್ಟಕ್ಕೇ ರೋಲರ್ ಹಾಕಿಸಿದೆವು.

ಲಾರಿಗೆ ತುಂಬುವ ಹಮಾಲರ ವಿಷಯ ಮಾತ್ರ ಬಗೆಹರಿದಿಲ್ಲ. ಅವರಿಗೆ ಕೂಲಿ ಟನ್ ಲೆಕ್ಕದಲ್ಲಿ. ಬೇಗ ಮುಗಿಯಲಿ ಅಂತ ಎರಡೆರಡು ಚೀಲ ಹೊರುತ್ತಾರೆ. ಈ ಲೆಕ್ಕ ಬದಲಾಯಿಸೋಣ ಅಂತ ಅವರ ಮೇಸ್ತ್ರಿ ಹತ್ತಿರ ಮಾತು ನಡೆದಿದೆ, ದರ ಕುದುರಬೇಕು.